ಟ್ಯಾಂಕಿನ ನೀರು ಮುಗಿದ ಮೇಲೆ

"ಬಂದ್ರು, ಹತ್ತು ನಿಮಿಷ ನೀರು ಹೊಡೆದ್ರು, ಖಾಲಿ ಅಂದ್ರು, ಹೊರಟೋದ್ರು." ಹಳ್ಳಿ ಕಡೆ ಎಲ್ಲೇ ಬೆಂಕಿ ಬಿದ್ದ ಸುದ್ದಿ ಬರಲಿ, ಹಿಂದೇನೇ ಈ ಮಾತೂ ಬಂದೇ ಬರತ್ತೆ. ಹೇಳೋರ ಸಿಟ್ಟು ಸುಳ್ಳಲ್ಲ, ಕಣ್ಣೆದುರಿಗೆ ಕೊಟ್ಟಿಗೆ ಉರೀತಿರೋವಾಗ ಕೆಂಪು ಗಾಡಿ ರಿವರ್ಸ್ ತಗೊಂಡು ಹೋಗೋದನ್ನ ನೋಡೋದು ಎಂಥ ಸಂಕಟ ಅಂತ ನೋಡಿದವರಿಗೇ ಗೊತ್ತು. ಆದ್ರೆ ಆ ಮಾತು ನನ್ನ ತಲೇಲಿ ಬಹಳ ದಿನದಿಂದ ಕೊರೀತಾ ಇದೆ. ಯಾಕಂದ್ರೆ ಆ ಹತ್ತು ನಿಮಿಷ ಅನ್ನೋದು ಯಾರದೋ ಸೋಮಾರಿತನದಿಂದ ಬಂದಿದ್ದಲ್ಲ, ಬರೀ ಲೆಕ್ಕ. ಗಾಡಿ ಹೊರಡೋಕೆ ಮುಂಚೇನೇ ಆ ಲೆಕ್ಕ ಬರೆದಿಟ್ಟಾಗಿರತ್ತೆ. ಸ್ನೇಹಿತರೊಬ್ಬರು ಹಳ್ಳಿ ಕಡೆಯ ಫೈರ್ ಸ್ಟೇಷನ್ನಲ್ಲಿ ಕೆಲಸ ಮಾಡ್ತಾರೆ, ಅವರ ಜೊತೆ ಸ್ಟೇಷನ್ ಅಂಗಳದಲ್ಲಿ ಕೂತು, ಡ್ರಿಲ್ ನೋಡಿ, ಒಂದೊಂದು ಸಾಮಾನೂ ಯಾಕಿದೆ ಅಂತ ಕೇಳಿ ಕೇಳಿ ನನಗೆ ಅನ್ನಿಸಿದ್ದನ್ನ ಇಲ್ಲಿ ಬರೀತಿದ್ದೀನಿ. ಒಂದೇ ಮಾತಲ್ಲಿ ಹೇಳೋದಾದ್ರೆ: ಹಳ್ಳಿ ಫೈರ್ ಸ್ಟೇಷನ್ನಿನ ಗಟ್ಟಿತನ ಇರೋದು ದೊಡ್ಡ ಗಾಡೀಲಿ ಅಲ್ಲ, ಟ್ಯಾಂಕಿನ ನೀರು ಮುಗಿದ ಮೇಲೆ ಮುಂದಿನ ನೀರು ಎಷ್ಟು ಬೇಗ ಬರತ್ತೆ ಅನ್ನೋದ್ರಲ್ಲಿ. ನಾವು ಜನ ಮಾತ್ರ ಗಾಡೀನೇ ನೋಡ್ತೀವಿ, ಗಾಡೀನೇ ಕೇಳ್ತೀವಿ, ಗಾಡಿ ಬಂದ್ರೆ ಫೋಟೋ ತೆಗೀತೀವಿ.

ನಾಲ್ಕೂವರೆ ಟನ್ ಅಂದ್ರೆ ಎಷ್ಟು ಹೊತ್ತು

ಸಿಟೀಲಿ ಫೈರ್ ಇಂಜಿನ್ ಅಂದ್ರೆ ಬಹುಪಾಲು ಪಂಪ್. ಬೀದೀಲಿ ಹೈಡ್ರಂಟ್, ಅಂದ್ರೆ ಬೆಂಕಿ ಆರಿಸೋಕೆ ಅಂತಲೇ ಇಟ್ಟಿರೋ ನೀರಿನ ಕೊಳಾಯಿ, ಇದ್ರೆ ಅದಕ್ಕೆ ಪೈಪ್ ಸಿಗಿಸಿದ್ರಾಯ್ತು, ಟ್ಯಾಂಕಲ್ಲಿರೋ ನೀರು ಮೊದಲ ಕೆಲವು ನಿಮಿಷದ ಖರ್ಚಿಗೆ ಮಾತ್ರ. ಹಳ್ಳೀಲಿ ಆ ಹೈಡ್ರಂಟ್ ಇರಲ್ಲ, ಅದಕ್ಕೇ ಗಾಡಿ ತನ್ನ ನೀರನ್ನ ತಾನೇ ಹೊತ್ಕೊಂಡು ಬರಬೇಕು. 4,500 ಲೀಟರಿನ ವಾಟರ್ ಟೆಂಡರ್, ಅಂದ್ರೆ ನೀರು ಹೊತ್ಕೊಂಡು ಬರೋ ಫೈರ್ ಇಂಜಿನ್, ಅಂದ್ಕೊಳ್ಳಿ. ನೋಡೋಕೆ ಭಾರೀ ಕಾಣತ್ತೆ. ಆದ್ರೆ ಪೈಪಿನ ತುದೀಲಿ ನೀರು ಚಿಮ್ಮಿಸೋ ಒಂದು ಒಳ್ಳೆ ನಾಝಲ್ ನಿಮಿಷಕ್ಕೆ 450 ಲೀಟರ್ ಬಿಡತ್ತೆ ಅಂದ್ರೆ ಹತ್ತು ನಿಮಿಷಕ್ಕೆ ಟ್ಯಾಂಕ್ ಬರಿದು. ಎರಡು ನಾಝಲ್ ಹಿಡಿದ್ರೆ ಐದೇ ನಿಮಿಷ. ಜನ ಹೇಳೋ "ಹತ್ತು ನಿಮಿಷ ಹೊಡೆದ್ರು" ಅನ್ನೋದು ಇದೇ.

ಹಾಗಾದ್ರೆ ಇನ್ನೂ ದೊಡ್ಡ ಟ್ಯಾಂಕ್ ಹಾಕಬಾರದಾ ಅಂತ ನಾನೂ ಕೇಳಿದ್ದೆ. ನೀರಿನ ತೂಕ ಲೀಟರಿಗೆ ಒಂದು ಕೆಜಿ, 4,500 ಲೀಟರ್ ಅಂದ್ರೆ ಗಾಡಿ, ಪಂಪ್, ಪೈಪು, ಏಣಿ, ಜನ ಎಲ್ಲದರ ಮೇಲೆ ನಾಲ್ಕೂವರೆ ಟನ್. ಅದು ಸುಮ್ನೆ ಕೂತಿರೋ ತೂಕಾನೂ ಅಲ್ಲ, ಒಳಗೆ ಓಲಾಡೋ ತೂಕ. ತಿರುವಲ್ಲಿ ಗಾಡಿ ಎಡಕ್ಕೆ ತಿರುಗಿದ್ರೆ ನೀರು ಬಲಕ್ಕೆ ನುಗ್ಗತ್ತೆ, ಬ್ರೇಕ್ ಹಾಕಿದ್ರೆ ಮುಂದಕ್ಕೆ ಬಂದು ಗುದ್ದತ್ತೆ. ಅದಕ್ಕೇ ಟ್ಯಾಂಕಿನ ಒಳಗೆ ತೂತಿರೋ ಅಡ್ಡ ತಗಡುಗಳನ್ನ ಕೂರಿಸಿರ್ತಾರೆ, ಬ್ಯಾಫಲ್ ಅಂತಾರೆ, ನೀರು ಒಟ್ಟಿಗೆ ಒಂದೇ ಕಡೆ ನುಗ್ಗದ ಹಾಗೆ. ಅಷ್ಟಾದ್ರೂ ಅರ್ಧ ತುಂಬಿದ ಟ್ಯಾಂಕನ್ನ ಡ್ರೈವರ್‌ಗಳು ಇಷ್ಟಪಡಲ್ಲ. ತುಂಬಿದ್ರೆ ನೀರಿಗೆ ಅಲ್ಲಾಡೋಕೆ ಜಾಗ ಇಲ್ಲ, ಪೂರ್ತಿ ಖಾಲಿ ಇದ್ರೆ ಅಲ್ಲಾಡೋಕೆ ನೀರೇ ಇಲ್ಲ, ಮಧ್ಯದಲ್ಲಿರೋದೇ ಅಪಾಯ. ಇನ್ನು ಹಳ್ಳಿ ರಸ್ತೆ, ಕಿರಿದಾದ ಮೋರಿ, ಹಳೇ ಸೇತುವೆ, ಮಳೆಗಾಲದಲ್ಲಿ ಕುಸಿಯೋ ಅಂಚು... ಎಲ್ಲ ಸೇರಿಸಿದ್ರೆ ಗಾಡಿ ದೊಡ್ಡದಾದಷ್ಟೂ ಅದು ತಲುಪೋಕಾಗೋ ಮನೆಗಳು ಕಮ್ಮಿ ಆಗ್ತಾ ಹೋಗತ್ತೆ.

ಸರಿ, ಖಾಲಿಯಾಯ್ತು, ತುಂಬಿಸ್ಕೊಂಡು ಬರಬೇಕು. ನೀರಿರೋ ಜಾಗ 3 ಕಿಲೋಮೀಟರ್ ದೂರ ಅಂದ್ಕೊಳ್ಳಿ. ಆ ರಸ್ತೇಲಿ ಗಂಟೆಗೆ 30 ಕಿಲೋಮೀಟರ್ ಸರಾಸರಿ ಸಿಕ್ಕಿದ್ರೆ ಹೋಗೋಕೆ 6 ನಿಮಿಷ, ಪೈಪ್ ಜೋಡಿಸೋಕೆ 2, ತುಂಬೋಕೆ 5, ಬಿಚ್ಚಿ ಹೊರಡೋಕೆ 1, ವಾಪಸ್ ಬರೋಕೆ 6, ಮತ್ತೆ ಇಲ್ಲಿ ಜೋಡಿಸೋಕೆ 2. ಒಟ್ಟು 22 ನಿಮಿಷ, ಅದೂ ಎಲ್ಲ ಸರಿಯಾಗಿ ನಡೆದ್ರೆ. ಆ 22 ನಿಮಿಷ ಬೆಂಕಿಗೆ ಎದುರಿಲ್ಲ. ನೀರು ಬಿಡೋ ಹತ್ತು ನಿಮಿಷಾನೂ ಸೇರಿಸಿ ಸರಾಸರಿ ತೆಗೆದ್ರೆ ನಿಮಿಷಕ್ಕೆ ಬರೋದು 140 ಲೀಟರ್. 450 ಲೀಟರಿನ ನಾಝಲ್ ಇಟ್ಕೊಂಡು 140 ಲೀಟರಿನ ಕೆಲಸ. ಮತ್ತೆ ಬರೋ ಹೊತ್ತಿಗೆ ಬೆಂಕಿ ಮೊದಲಿದ್ದ ಜಾಗದಲ್ಲೂ ಇರಲ್ಲ.

ಇಲ್ಲೇ ಒಂದು ಅಗ್ಗದ ಸಾಮಾನು ಇಡೀ ಆಟಾನೇ ಬದಲಾಯಿಸತ್ತೆ. ಮಡಚೋ ತೊಟ್ಟಿ. ಕಬ್ಬಿಣದ ಚೌಕಟ್ಟಿಗೆ ದಪ್ಪ ಟಾರ್ಪಾಲಿನಂಥ ಬಟ್ಟೆ ಕಟ್ಟಿರೋದು, ಗಾಡಿ ಪಕ್ಕದಲ್ಲಿ ಮಡಚಿ ನೇತುಹಾಕ್ಕೊಂಡು ಬರ್ತಾರೆ, ಬೆಂಕಿ ಹತ್ರ ಬಿಚ್ಚಿ ನೆಲದ ಮೇಲೆ ನಿಲ್ಲಿಸ್ತಾರೆ. ಪಂಪ್ ಇರೋ ಗಾಡಿ ಅಲ್ಲೇ ನಿಂತು ತೊಟ್ಟಿಯಿಂದ ಎಳ್ಕೊಂಡು ಹೊಡೀತಾ ಇರತ್ತೆ, ಬೇರೆ ಟ್ಯಾಂಕರ್‌ಗಳು ಬಂದು ದೊಡ್ಡ ವಾಲ್ವ್ ತೆಗೆದು ಎರಡು ಮೂರು ನಿಮಿಷದಲ್ಲಿ ನೀರು ಸುರಿದು ಮತ್ತೆ ಓಡ್ತವೆ. ಅದೇ 3 ಕಿಲೋಮೀಟರ್ ದೂರಕ್ಕೆ ಎರಡು ಟ್ಯಾಂಕರ್ ಓಡಿದ್ರೆ ನಿಮಿಷಕ್ಕೆ ಸುಮಾರು 400 ಲೀಟರ್ ಬರತ್ತೆ, ಅಂದ್ರೆ ಹೆಚ್ಚೂ ಕಮ್ಮಿ ಒಂದು ನಾಝಲ್ ನಿಲ್ಲದೇ ನಡೆಯೋಷ್ಟು. ಇಲ್ಲಿ ಟ್ಯಾಂಕರ್ ಅಂದ್ರೆ ಹೊಳೆಯೋ ಫೈರ್ ಇಂಜಿನ್ನೇ ಆಗ್ಬೇಕು ಅಂತಿಲ್ಲ, ಬೇಗ ತುಂಬಿ ಬೇಗ ಸುರಿಯೋ ಹಾಗಿದ್ರೆ ಸಾಕು.

ಕೆರೆ ದಂಡೇಲಿ

ಒಂದು ಸಲ ಸ್ನೇಹಿತರ ಸ್ಟೇಷನ್ನವರು ಕೆರೆ ಹತ್ರ ಡ್ರಿಲ್ ಮಾಡೋವಾಗ ನಾನೂ ಹೋಗಿದ್ದೆ. ಬೆಳಗ್ಗೆ ಹೊತ್ತು, ಬಿಸಿಲು ಇನ್ನೂ ಏರಿರಲಿಲ್ಲ. ಗಾಡೀನ ದಂಡೆಗೆ ಎಷ್ಟು ಹತ್ರ ಆಗತ್ತೋ ಅಷ್ಟು ತಂದು ನಿಲ್ಲಿಸಿ, ಮೇಲಿಂದ ಸಕ್ಷನ್ ಹೋಸ್ ಇಳಿಸಿದ್ರು. ಇದು ನಾವು ನೋಡಿರೋ ಬಟ್ಟೆ ಪೈಪ್ ಅಲ್ಲ. ಒಳಗೆ ಸುರುಳಿ ತಂತಿ ಇರೋ ಗಟ್ಟಿ ಪೈಪು, ಒಬ್ಬರಿಗೆ ಎತ್ತೋಕೆ ಕಷ್ಟ. ನೀರನ್ನ ತಳ್ಳೋ ಪೈಪ್ ಮೆತ್ತಗಿದ್ರೂ ನಡೆಯತ್ತೆ, ಒಳಗಿನ ಒತ್ತಡಾನೇ ಅದನ್ನ ಉಬ್ಬಿಸತ್ತೆ, ಎಳೆಯೋ ಪೈಪ್ ಮೆತ್ತಗಿದ್ರೆ ಹೊರಗಿನ ಗಾಳಿ ಒತ್ತಿ ಅದು ಚಪ್ಪಟೆ ಆಗಿಬಿಡತ್ತೆ. ತುದಿಗೆ ಕಸ ತಡೆಯೋ ಜಾಲರಿ, ಅಂದ್ರೆ ಸ್ಟ್ರೈನರ್, ಸಿಗಿಸಿ, ಅದಕ್ಕೆ ಹಗ್ಗ ಕಟ್ಟಿ ನೀರಿಗೆ ಬಿಟ್ರು. ಹಗ್ಗ ಯಾಕೆ ಅಂದ್ರೆ ಸ್ಟ್ರೈನರ್ ಕೆಸರಿಗೆ ಕೂರಬಾರದು, ಹಾಗಂತ ಮೇಲೂ ಬರಬಾರದು. ಮೇಲೆ ಬಂದ್ರೆ ನೀರಲ್ಲಿ ಸುಳಿ ಎದ್ದು ಗಾಳಿ ಒಳಗೆ ಹೋಗತ್ತೆ.

ಪಂಪ್ ಶುರು ಮಾಡಿದ್ರು, ಪೈಪಿನೊಳಗಿನ ಗಾಳಿ ತೆಗೆಯೋ ಪ್ರೈಮರ್ ಎಳೆದ್ರು. ನೀರು ಬರಲಿಲ್ಲ. ಇಂಜಿನ್ ಕೂಗ್ತಾ ಇದೆ, ಗೇಜ್ ಮುಳ್ಳು ಸ್ವಲ್ಪ ಹಿಂದಕ್ಕೆ ಹೋಗಿ ಮತ್ತೆ ವಾಪಸ್ ಬರ್ತಾ ಇದೆ. ಹೊಸ ಹುಡುಗರಿಬ್ಬರು ಮುಖ ಮುಖ ನೋಡ್ಕೊಂಡ್ರು. ವಯಸ್ಸಾದ ಆಪರೇಟರ್ ಒಬ್ಬರಿದ್ರು, ಎಲ್ಲರೂ ಅವರನ್ನ ಅಣ್ಣ ಅಂತಾನೇ ಕರೀತಿದ್ರು. ಅವರು ಪಂಪ್ ಕಡೆ ನೋಡ್ಲೇ ಇಲ್ಲ, ನೇರ ಎರಡನೇ ಜಾಯಿಂಟ್ ಹತ್ರ ಹೋಗಿ ಬಗ್ಗಿ ಕಿವಿ ಇಟ್ರು. "ಇಲ್ಲಿ ಉಸಿರಾಡ್ತಾ ಇದೆ ನೋಡ್ರೋ, ಬಿಚ್ಚಿ" ಅಂದ್ರು. ಬಿಚ್ಚಿ ನೋಡಿದ್ರೆ ಒಳಗಿನ ರಬ್ಬರ್ ವಾಶರ್ ಒಣಗಿ ಒಂದು ಕಡೆ ಬಿರುಕು ಬಿಟ್ಟಿತ್ತು. ಅಷ್ಟೇ. ಬೇರೆ ವಾಶರ್ ಹಾಕಿ, ಸ್ಪ್ಯಾನರಲ್ಲಿ ಬಿಗಿ ಮಾಡಿ, ಮತ್ತೆ ಪ್ರೈಮರ್ ಎಳೆದ್ರೆ ಗೇಜ್ ಮುಳ್ಳು ಹೋಗಿ ನಿಂತ್ಕೊಳ್ತು, ಪಂಪಿನ ಸದ್ದು ಒಮ್ಮೆಗೇ ದಪ್ಪ ಆಯ್ತು, ನಾಝಲ್ಲಿಂದ ನೀರು ಚಿಮ್ಮಿತು.

ಆವತ್ತಿನ ತನಕ ಪಂಪ್ ನೀರನ್ನ "ಎಳೆಯತ್ತೆ" ಅಂತಲೇ ನಾವೆಲ್ಲ ಮಾತಾಡೋದು, ಅಣ್ಣ ಅಲ್ಲೇ ಕೂತು ವಿವರಿಸಿದ್ರು. ಪಂಪ್ ಮಾಡೋದು ಪೈಪಿನೊಳಗಿನ ಗಾಳೀನ ತೆಗೆಯೋದು ಮಾತ್ರ, ಮೇಲಕ್ಕೆ ತಳ್ಳೋದು ಕೆರೆ ಮೇಲೆ ಕೂತಿರೋ ವಾತಾವರಣದ ಒತ್ತಡ. ಸ್ಟ್ರಾದಲ್ಲಿ ಕುಡಿಯೋವಾಗ ಆಗೋದೂ ಇದೇ, ಸ್ಟ್ರಾ ತೂತಾಗಿದ್ರೆ ಎಷ್ಟು ಹೀರಿದ್ರೂ ಗಾಳೀನೇ ಬರತ್ತೆ. ಆ ಒತ್ತಡ ನೀರನ್ನ ಎತ್ತೋದು ಸಮುದ್ರ ಮಟ್ಟದಲ್ಲಿ, ಪೂರ್ತಿ ನಿರ್ವಾತ ಇದ್ರೂ, 10.3 ಮೀಟರ್ ಮಾತ್ರ. ಕೆಲಸಕ್ಕೆ ಬರೋದು ಸುಮಾರು 7 ಮೀಟರ್. ಬೆಟ್ಟದ ಮೇಲಿನ ಊರಾದ್ರೆ ಇನ್ನೂ ಕಮ್ಮಿ, ಸಾವಿರ ಮೀಟರ್ ಎತ್ತರಕ್ಕೆ ಹೆಚ್ಚೂ ಕಮ್ಮಿ ಒಂದು ಮೀಟರ್ ಕಳ್ಕೋತೀವಿ. ಲಕ್ಷಗಟ್ಟಲೆ ಖರ್ಚು ಮಾಡಿ ಎಂಥ ಪಂಪ್ ತಂದ್ರೂ ಇದನ್ನ ದಾಟೋಕಾಗಲ್ಲ. ಬಾವಿಯ ನೀರು 12 ಮೀಟರ್ ಕೆಳಗಿದ್ರೆ ದಂಡೆ ಮೇಲೆ ನಿಂತ ಫೈರ್ ಇಂಜಿನ್ನಿಗೆ ಆ ನೀರು ಇಲ್ಲ ಅಂತಲೇ ಲೆಕ್ಕ. ಕೆಳಗೆ ಇಳಿಸೋ ಸಬ್‌ಮರ್ಸಿಬಲ್ ಪಂಪೋ, ಇಬ್ಬರು ಹೊತ್ಕೊಂಡು ನೀರಿನ ಹತ್ರಾನೇ ಇಡೋ ಪೋರ್ಟಬಲ್ ಪಂಪೋ ಬೇಕು, ಅದು ಕೆಳಗಿಂದ ಮೇಲಕ್ಕೆ ತಳ್ಳತ್ತೆ, ತಳ್ಳೋದಕ್ಕೆ ಈ ಮಿತಿ ಇಲ್ಲ. ಗಾಡಿ ಪಕ್ಕದಲ್ಲಿ ಬಾವಿ ಇಟ್ಕೊಂಡು "ನೀರಿಲ್ಲ" ಅಂತಾರೆ ಅಂತ ಜನ ಬೈಯೋವಾಗ ನನಗೆ ಈಗ ಈ 7 ಮೀಟರ್ ನೆನಪಾಗತ್ತೆ.

ಪೈಪು, ಕಪ್ಲಿಂಗು, ಬಾಲ್ಟಿಮೋರ್

ಪೈಪಿನ ವಿಷ್ಯಾನೂ ಹಾಗೇ, ನೋಡೋಕೆ ಏನಿಲ್ಲ, ಒಳಗೆ ಎಲ್ಲ ಇದೆ. ಮನೆ ರಸ್ತೆಯಿಂದ ದೂರ ಇದ್ದು ಗಾಡಿ ಹತ್ರ ಹೋಗೋಕಾಗದೇ ಇದ್ದಾಗ ಪೈಪ್ ಎಳೀತಾರಲ್ಲ, ಆಗ ಉದ್ದಕ್ಕೂ ನೀರು ಪೈಪಿನ ಗೋಡೆಗೆ ಉಜ್ಜಿ ಒತ್ತಡ ಕಳ್ಕೋತಾ ಹೋಗತ್ತೆ. ಎರಡು ಪಟ್ಟು ನೀರು ಕಳಿಸಿದ್ರೆ ನಷ್ಟ ಎರಡಲ್ಲ, ನಾಲ್ಕು ಪಟ್ಟು. ಪೈಪಿನ ವ್ಯಾಸ ಸ್ವಲ್ಪ ದೊಡ್ಡದಾದ್ರೂ ಲಾಭ ಮಾತ್ರ ಸಿಕ್ಕಾಪಟ್ಟೆ: ಅಷ್ಟೇ ನೀರನ್ನ 65 ಮಿಲಿಮೀಟರ್ ಬದ್ಲು 38 ಮಿಲಿಮೀಟರ್ ಪೈಪಲ್ಲಿ ಕಳಿಸಿದ್ರೆ ನಷ್ಟ ಸುಮಾರು 14 ಪಟ್ಟು ಜಾಸ್ತಿ. ಹಾಗಂತ 65ರ ಪೈಪ್ ತುಂಬಿದ ಮೇಲೆ ಒಬ್ಬರು ಎಳ್ಕೊಂಡು ಓಡಾಡೋಕಾಗಲ್ಲ. ಅದಕ್ಕೇ ದೂರಕ್ಕೆ ದಪ್ಪ ಪೈಪು, ಕೊನೇಲಿ ಡಿವೈಡಿಂಗ್ ಬ್ರೀಚಿಂಗ್ ಅನ್ನೋ ಕವಲು ಜೋಡಣೆ ಹಾಕಿ ಎರಡು ಸಣ್ಣ ಪೈಪು. ಮರದ ಪೆಟ್ಟಿಗೇಲಿ ಹಿತ್ತಾಳೆ ಸಾಮಾನು ಅಂತ ಬಿದ್ದಿರತ್ತಲ್ಲ, ಅದರ ಕೆಲಸ ಇದು.

ಜಾಯಿಂಟ್ ಒಂದಕ್ಕೊಂದು ಕೂರದೇ ಇದ್ರೆ ಏನಾಗತ್ತೆ ಅನ್ನೋಕೆ 1904ರ ಫೆಬ್ರವರೀಲಿ ಅಮೆರಿಕದ ಬಾಲ್ಟಿಮೋರ್ ಸುಟ್ಟಿದ್ದು ದೊಡ್ಡ ಸಾಕ್ಷಿ. ವಾಷಿಂಗ್ಟನ್ನಿಂದ ರೈಲಲ್ಲಿ ಇಂಜಿನ್‌ಗಳು ಬಂದ್ವು, ಬೇರೆ ಊರುಗಳಿಂದಾನೂ ಬಂದ್ವು, ಆದ್ರೆ ಬಹಳಷ್ಟು ಪೈಪುಗಳ ಬಾಯಿಯ ತಿರುಪು ಅಲ್ಲಿನ ಹೈಡ್ರಂಟಿಗೆ ಕೂರಲಿಲ್ಲ. ಪೈಪ್ ಜೋಡಿಸೋ ಕಪ್ಲಿಂಗ್ ಒಂದೊಂದು ಊರಲ್ಲಿ ಒಂದೊಂದು ಅಳತೆ. ಬೆಂಕಿ ಸುಮಾರು 30 ಗಂಟೆ ಉರೀತು, 1,500ಕ್ಕೂ ಹೆಚ್ಚು ಕಟ್ಟಡ ಹೋದ್ವು. ಆಮೇಲೇ ಅಲ್ಲಿ ಎಲ್ಲ ಕಡೆ ಒಂದೇ ಅಳತೆ ಅನ್ನೋ ಮಾತು ಗಟ್ಟಿಯಾಗಿದ್ದು. ಹಳ್ಳಿ ಸ್ಟೇಷನ್ನಿಗೆ ಇದು ಹಳೇ ಕಥೆ ಅಲ್ಲ. ದೊಡ್ಡ ಬೆಂಕಿ ಬಿದ್ದಾಗ ಪಕ್ಕದ ಸ್ಟೇಷನ್ನವರು ಬರ್ತಾರೆ, ಖಾಸಗಿ ನೀರಿನ ಟ್ಯಾಂಕರ್‌ಗಳು ಬರ್ತವೆ, ಆ ಟ್ಯಾಂಕರ್ ಬಾಯಿಗೂ ಇವರ ಪೈಪಿಗೂ ಹೊಂದೋ ಅಡಾಪ್ಟರ್ ಗಾಡೀಲಿ ಇದೆಯಾ? ಅಂಗೈಯಷ್ಟಿರೋ ಆ ಲೋಹದ ತುಂಡು ಇಲ್ದೇ ಹೋದ್ರೆ ಸಾವಿರಾರು ಲೀಟರ್ ನೀರು ಪಕ್ಕದಲ್ಲಿ ನಿಂತು ನೋಡ್ತಿರತ್ತೆ.

ಬಣವೆ ಆರಿಸೋದು

ಇನ್ನೊಂದು ದಿನದ್ದು ಡ್ರಿಲ್ ಅಲ್ಲ, ನಿಜವಾದ್ದೇ. ದೊಡ್ಡ ಹುಲ್ಲಿನ ಬಣವೆಗೆ ಬೆಂಕಿ ಬಿದ್ದಿತ್ತು, ನಾನು ತಲುಪೋ ಹೊತ್ತಿಗೆ ಗಾಡಿ ಬಂದಾಗಿತ್ತು. ಮೇಲಿನ ಜ್ವಾಲೆ ಐದು ನಿಮಿಷದಲ್ಲಿ ಹೋಯ್ತು, ಜನ ಉಸಿರು ಬಿಟ್ರು. ಆದ್ರೆ ಸಿಬ್ಬಂದಿ ನೀರು ನಿಲ್ಲಿಸಿಬಿಟ್ರು. ಸುತ್ತ ನಿಂತವರು "ಇನ್ನೂ ಹೊಗೆ ಬರ್ತಿದೆ, ಹೊಡೀರಿ ಸಾರ್" ಅಂತ ಕೂಗ್ತಿದ್ರು. ಅವರು ಹೊಡೀಲಿಲ್ಲ, ಉದ್ದ ಕೋಲಿನ ಕೊಕ್ಕೆ, ಕವಲು ಗುದ್ದಲಿ ತಗೊಂಡು ಬಣವೆ ಎಳೆಯೋಕೆ ಶುರು ಮಾಡಿದ್ರು. ಒತ್ತಾಗಿ ಒಟ್ಟಿದ ಹುಲ್ಲಿನ ಮೇಲೆ ಎಷ್ಟು ನೀರು ಸುರಿದ್ರೂ ಅದು ಹೊರಗಿಂದಲೇ ಜಾರಿ ಹೋಗತ್ತೆ, ಒಳಗಿನ ಕೆಂಡಕ್ಕೆ ತಾಗೋದೇ ಇಲ್ಲ. ಅದಕ್ಕೆ ಪದರ ಪದರ ಬಿಡಿಸಬೇಕು, ಬಿಡಿಸಿದ ತಕ್ಷಣ ಗಾಳಿ ತಾಗಿ ಭಗ್ ಅಂತ ಹತ್ಕೊಳ್ಳತ್ತೆ, ಅದಕ್ಕೆ ನಾಝಲ್ ಹಿಡಿದವರು ಪಕ್ಕದಲ್ಲೇ ತಯಾರಿರಬೇಕು. ಒಬ್ಬರು ಎಳೆಯೋದು, ಇನ್ನೊಬ್ಬರು ಸ್ವಲ್ಪ ನೀರು ಹಾಕೋದು, ಎಳೆದಿದ್ದನ್ನ ದೂರ ಹರಡೋದು. ಮಧ್ಯಾಹ್ನ ಶುರುವಾಗಿದ್ದು ಕತ್ತಲಾದ್ರೂ ನಡೀತಾನೇ ಇತ್ತು. ಉಳಿದಿದ್ದ ನೀರನ್ನ ಅವರು ಎಷ್ಟು ಜೋಪಾನವಾಗಿ ಖರ್ಚು ಮಾಡಿದ್ರು ಅನ್ನೋದು ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಆ ಕೊಕ್ಕೆ ಇಲ್ದೇ ಹೋಗಿದ್ರೆ ಇಡೀ ಟ್ಯಾಂಕ್ ಸುರಿದಿದ್ರೂ ರಾತ್ರಿ ಮತ್ತೆ ಹತ್ಕೊಳ್ತಿತ್ತು.

ಇಂಥ ಕಡೆ ಫೋಮ್ ಕೂಡ ಬಹಳ ಉಪಯೋಗ. ಎಣ್ಣೆ ಬೆಂಕಿಗೆ ಬಳಸೋ ಫೋಮ್ ಬೇರೆ, ಇದು ಹುಲ್ಲು, ಕಟ್ಟಿಗೆ, ಬಟ್ಟೆಯಂಥವಕ್ಕೆ ಇರೋ ಎ ಕ್ಲಾಸ್ ಫೋಮ್. ನೀರಿಗೆ ಶೇಕಡಾ 1ಕ್ಕಿಂತ ಕಮ್ಮಿ ಬೆರೆಸಿದ್ರೂ ಸಾಕು, ನೀರಿನ ಮೇಲ್ಮೈ ಸೆಳೆತ ಇಳಿದು ಅದು ಜಾರೋ ಬದ್ಲು ಒಳಗೆ ಇಳಿಯತ್ತೆ, ಅಂಟ್ಕೊಂಡೂ ಇರತ್ತೆ. ನೀರು ಕಮ್ಮಿ ಇರೋ ಜಾಗದಲ್ಲಿ ಒಂದು ಕ್ಯಾನ್ ಫೋಮ್ ಅಂದ್ರೆ ಇರೋ ನೀರನ್ನೇ ಹೆಚ್ಚು ಮಾಡ್ಕೊಂಡ ಹಾಗೆ.

ನೀರೇ ಬೇಡದ ಸಾಮಾನು

ಗುಡ್ಡದ ಹುಲ್ಲು, ಕುರುಚಲು, ಕಾಡಿನಂಚು ಹತ್ಕೊಂಡ್ರೆ ದೊಡ್ಡ ಟೆಂಡರ್ ರಸ್ತೇಲೇ ನಿಂತಿರತ್ತೆ. ಅಲ್ಲಿಗೆ ಹೋಗೋದು ಸಣ್ಣ ಫೋರ್ ವೀಲ್ ಡ್ರೈವ್ ಗಾಡಿ, ಹಿಂದೆ ಕೆಲವು ನೂರು ಲೀಟರಿನ ಟ್ಯಾಂಕು, ಅದಕ್ಕೇ ಅಂತ ಬೇರೆ ಇಂಜಿನ್ ಇರೋ ಪಂಪು. ಈ ಬೇರೆ ಇಂಜಿನ್ ಅನ್ನೋದು ಮುಖ್ಯ. ಎಷ್ಟೋ ದೊಡ್ಡ ಗಾಡಿಗಳಲ್ಲಿ ಪಂಪ್ ಓಡೋದು ಗಾಡಿಯ ಇಂಜಿನ್ನಿಂದಲೇ, ಪಂಪಿಗೆ ಶಕ್ತಿ ಕೊಟ್ರೆ ಚಕ್ರಕ್ಕಿಲ್ಲ, ನಿಂತೇ ಹೊಡೀಬೇಕು. ಸಣ್ಣ ಗಾಡಿ ಬೆಂಕಿ ಅಂಚಿನ ಉದ್ದಕ್ಕೂ ನಿಧಾನ ಹೋಗ್ತಾ ಹೊಡೀಬಹುದು, ಹುಲ್ಲಿನ ಬೆಂಕಿಗೆ ಬೇಕಾಗಿರೋದು ಅದೇ. ಅದೂ ಹೋಗದ ಕಡೆ 20 ಲೀಟರಿನ ಬೆನ್ನು ಪಂಪು, ಬೆಂಕಿ ಬಡಿದು ಆರಿಸೋಕೆ ರಬ್ಬರ್ ಪಟ್ಟಿ ಕಟ್ಟಿದ ಬೀಟರ್, ಹಸಿ ಕೊಂಬೆ, ಕುಂಟೆ, ಗುದ್ದಲಿ.

ಗುದ್ದಲಿ ಅಂದಾಗ ಪುಲಾಸ್ಕಿ ಬಗ್ಗೆ ಹೇಳ್ಲೇಬೇಕು. ಒಂದು ಕಡೆ ಕೊಡಲಿ, ಇನ್ನೊಂದು ಕಡೆ ಗುದ್ದಲಿ ಇರೋ ಈ ಸಾಮಾನಿಗೆ ಎಡ್ ಪುಲಾಸ್ಕಿ ಅನ್ನೋ ಅಮೆರಿಕದ ಅರಣ್ಯ ರೇಂಜರ್ ಹೆಸರು. 1910ರ ಆಗಸ್ಟಲ್ಲಿ ಇಡಾಹೋ, ಮೊಂಟಾನಾ ಕಡೆ ಎರಡು ದಿನದಲ್ಲಿ ಸುಮಾರು 30 ಲಕ್ಷ ಎಕರೆ ಸುಟ್ಟಾಗ ಆತ ತನ್ನ ತಂಡದವರನ್ನ ಹಳೇ ಗಣಿ ಸುರಂಗದೊಳಗೆ ನುಗ್ಗಿಸಿ ಹೆಚ್ಚಿನವರ ಜೀವ ಉಳಿಸಿದವನು. ಬೆಂಕಿ ಮುಂದೆ ಪೊದೆ ಕಡಿದು, ಬೇರು ಕಿತ್ತು, ಬರೀ ಮಣ್ಣು ಕಾಣೋ ಹಾಗೆ ಪಟ್ಟಿ ಮಾಡೋಕೆ ಒಂದೇ ಕೈಸಾಮಾನು ಸಾಕು ಅನ್ನೋದು ಇದರ ಹಿಂದಿನ ಯೋಚನೆ, ಇವತ್ತಿಗೂ ಕಾಡಿನ ಬೆಂಕಿ ಆರಿಸೋರು ಇದನ್ನ ಹೊತ್ಕೊಂಡು ನಡೀತಾರೆ. ಬೆಂಕಿಗೆ ತಿನ್ನೋಕೆ ಏನೂ ಸಿಗದ ಹಾಗೆ ಮಾಡೋದೂ ಆರಿಸೋದೇ ಅಲ್ವಾ.

ಕೊನೆಯ ನೀರು ಯಾರಿಗೆ

ಖಾಲಿ ಅಂತ ಹೊರಟೋದ್ರು ಅನ್ನೋ ಮಾತಿಗೆ ಇನ್ನೊಂದು ಮುಖ ಇದೆ, ಅದು ಗೊತ್ತಾದ ಮೇಲೆ ನನಗೆ ಆ ಮಾತನ್ನ ಸುಲಭವಾಗಿ ಹೇಳೋಕೆ ಆಗ್ತಾ ಇಲ್ಲ. 1998ರ ಡಿಸೆಂಬರ್ 2ರಂದು ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ, ಲಿಂಟನ್ ಅನ್ನೋ ಊರಿನ ಹತ್ರ ಕಾಡಿನ ಬೆಂಕಿ. ಎರಡು ಟ್ಯಾಂಕರ್‌ಗಳು ನೀರು ತುಂಬಿಸ್ಕೊಳ್ಳೋಕೆ ಅಂತ ಹೊರಟಿದ್ವು, ಅಷ್ಟರಲ್ಲಿ ಗಾಳಿ ದಿಕ್ಕು ಬದಲಾಯ್ತು, ಪಕ್ಕದಲ್ಲಿದ್ದ ಬೆಂಕಿ ಅಂಚೇ ಎದುರಿಗೆ ಬಂದು ಗಾಡಿಗಳ ಮೇಲೆ ಹಾದುಹೋಯ್ತು. ಒಂದು ಟ್ಯಾಂಕರ್‌ನಲ್ಲಿದ್ದ ಐದೂ ಜನ ಸ್ವಯಂಸೇವಕರು ಸತ್ತರು. ಇನ್ನೊಂದರಲ್ಲಿದ್ದವರು ಉಳಿದ್ರು. ಆಮೇಲೆ ಅಲ್ಲಿ ನಿಯಮ ಬಂತು: ಟ್ಯಾಂಕಿನಲ್ಲಿ ಒಂದಷ್ಟು ನೀರನ್ನ ಯಾವತ್ತೂ ಬೆಂಕಿಗೆ ಹಾಕಬಾರದು, ಅದು ಗಾಡೀಲಿರೋ ಜನರ ರಕ್ಷಣೆಗೆ. ಈಗಿನ ಅಲ್ಲಿನ ಗಾಡಿಗಳಲ್ಲಿ ಕ್ಯಾಬಿನ್ ಸುತ್ತ ನೀರು ಸಿಂಪಡಿಸೋ ಸಾಲು ನಾಝಲ್‌ಗಳಿರ್ತವೆ, ಕಿಟಕಿಗಳಿಗೆ ಶಾಖ ತಡೆಯೋ ಪರದೆ ಇರತ್ತೆ. ಉಳಿಸಿಟ್ಟ ನೀರು ಅದಕ್ಕೆ.

ಅಂದ್ರೆ ಕಾಡಂಚಲ್ಲಿ ಗಾಡಿ "ಖಾಲಿ" ಅಂತ ಹೊರಟಾಗ ಅದರೊಳಗೆ ನಿಜಕ್ಕೂ ನೀರಿರಬಹುದು, ಇರಲೇಬೇಕು. ಇದನ್ನ ಓದಿದ ದಿನ ನಾನು ತುಂಬಾ ಹೊತ್ತು ಸುಮ್ನೆ ಕೂತಿದ್ದೆ. ನಮ್ಮನ್ನ ಕಾಯೋಕೆ ಬಂದವರೂ ಮನೆಗೆ ಹೋಗಬೇಕಲ್ವಾ.

ದುಡ್ಡಿದ್ರೆ ಮೊದಲು ಏನು

ಹೊಸ ಗಾಡಿ ಬೇಕು ಅನ್ನೋ ಬೇಡಿಕೆ ಎಲ್ಲ ಕಡೆ ಇರತ್ತೆ, ಬೇಡ ಅಂತ ನಾನು ಹೇಳಲ್ಲ, ಹಳೇ ಗಾಡಿ ದಾರೀಲಿ ನಿಂತ್ರೆ ಉಳಿದಿದ್ದೆಲ್ಲ ವ್ಯರ್ಥ. ಆದ್ರೆ ಕ್ರಮ ಯಾವ್ದು ಅನ್ನೋದ್ರ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯ ಇದೆ. ಮೊದಲು ನೀರಿನ ಜಾಗಗಳು. ಕೆರೆಗೆ, ಹೊಳೆಗೆ ಒಂದು ಪೈಪನ್ನ ಕಾಯಂ ಆಗಿ ಇಳಿಸಿ, ಒಳತುದಿಗೆ ಸ್ಟ್ರೈನರ್ ಹಾಕಿ, ಹೊರತುದಿಯನ್ನ ರಸ್ತೆ ಪಕ್ಕಕ್ಕೆ ತಂದು ಗಾಡಿ ಪಂಪಿಗೆ ಹೊಂದೋ ಕಪ್ಲಿಂಗ್ ಕೂರಿಸಿದ್ರೆ ಅದೇ ಡ್ರೈ ಹೈಡ್ರಂಟ್. ಮೋಟರ್ ಇಲ್ಲ, ಕರೆಂಟ್ ಬೇಡ. ಬೇಸಿಗೇಲಿ ನೀರು ಎಷ್ಟು ಇಳಿಯತ್ತೋ ಅದಕ್ಕಿಂತ ಕೆಳಗೆ ಸ್ಟ್ರೈನರ್ ಇರಬೇಕು, ನೀರಿನ ಮಟ್ಟದಿಂದ ಪಂಪಿಗೆ ಎತ್ತರ ಕಮ್ಮಿ ಇರಬೇಕು, ಎದುರಿಗೆ ಭಾರದ ಗಾಡಿ ಹೂತು ಹೋಗದ ಹಾಗೆ ಗಟ್ಟಿ ನೆಲ ಇರಬೇಕು, ಗಾಡಿ ತಿರುಗಿಸೋಕೆ ಜಾಗ ಇರಬೇಕು. ಅದರ ಮುಂದೆ ಯಾರೂ ಟ್ರ್ಯಾಕ್ಟರ್ ನಿಲ್ಲಿಸಬಾರದು, ಕಸ ಸುರೀಬಾರದು. ಆಗ ಗಟ್ಟಿ ಪೈಪ್ ಹೊತ್ತು ದಂಡೆ ಇಳಿಯೋ ಕೆಲಸ ಇಲ್ಲ, ಕತ್ತಲಲ್ಲಿ ನೀರೆಲ್ಲಿ ಅಂತ ಹುಡುಕೋದಿಲ್ಲ. ಇಂಥ ಜಾಗ ಎರಡು ಮೂರು ಕಿಲೋಮೀಟರಿಗೊಂದು ಇದ್ರೆ ಮೇಲೆ ಹೇಳಿದ 22 ನಿಮಿಷ ಎಷ್ಟಕ್ಕಿಳಿಯತ್ತೆ ಅಂತ ನೀವೇ ಲೆಕ್ಕ ಹಾಕಿ.

ಎರಡನೇದು ಪೋರ್ಟಬಲ್ ಪಂಪು ಮತ್ತು ಮಡಚೋ ತೊಟ್ಟಿ. ಮೂರನೇದು ಪೈಪು, ವಾಶರು, ಅಡಾಪ್ಟರು ಅಂತ ಕಣ್ಣಿಗೆ ಕಾಣದ ಸಾಮಾನಿಗೆ ಪ್ರತಿ ವರ್ಷ ತಪ್ಪದೇ ದುಡ್ಡು, ಯಾಕಂದ್ರೆ ಒದ್ದೆ ಪೈಪ್ ಸರಿಯಾಗಿ ಒಣಗದಿದ್ರೆ ಕೊಳೆಯತ್ತೆ, ರಬ್ಬರ್ ಬಳಸದಿದ್ರೂ ಒಣಗತ್ತೆ. ಇದಾದ ಮೇಲೆ ಗಾಡಿ. ಅದರಲ್ಲೂ ಒಂದು ದೊಡ್ಡದರ ಬದ್ಲು ಎರಡು ಸಣ್ಣದು ಬರತ್ತೆ ಅಂದ್ರೆ ನಾನು ಎರಡು ಸಣ್ಣದಕ್ಕೇ ಕೈ ಎತ್ತೋದು, ಒಂದು ಬೆಂಕಿ ಹತ್ರ ನಿಂತಿರೋವಾಗ ಇನ್ನೊಂದು ನೀರು ತರತ್ತೆ. ತರೋ ಮುಂಚೆ ಸ್ಟೇಷನ್ನಿನ ಡ್ರೈವರ್‌ಗಳನ್ನ ಕೂರಿಸ್ಕೊಂಡು, ಆ ಗಾಡಿಯ ತುಂಬಿದ ತೂಕ ಮತ್ತು ಅಗಲ ಹೇಳಿ, ಈ ಕಡೆಯ ಯಾವ್ಯಾವ ಮೋರಿ, ಯಾವ್ಯಾವ ಸೇತುವೆ, ಯಾವ್ಯಾವ ತಿರುವಲ್ಲಿ ಇದು ಹೋಗಲ್ಲ ಅಂತ ಒಂದು ಪಟ್ಟಿ ಬರೆಸ್ಕೊಳ್ಳಲಿ. ಆ ಪಟ್ಟಿ ಅವರ ಬಾಯಲ್ಲೇ ಇರತ್ತೆ, ಕೇಳೋರು ಬೇಕು ಅಷ್ಟೇ.